ನದಿ ಬಿಟ್ಟುಹೋದ ಚಿನ್ನ

ಕೇಳುಗರೇ, ನಮಸ್ಕಾರ.

ಗದಗದ ಕಪ್ಪತಗುಡ್ಡದ ಹಳ್ಳಗಳಲ್ಲಿ ಹಿಂದೆ ಜಲಗಾರರು ಮರಳು ತೊಳೆದು ಚಿನ್ನ ತೆಗೆಯುತ್ತಿದ್ದರು. ಮರಿಗೆಯಲ್ಲಿ ಮರಳು, ನೀರು ಹಾಕಿ ತಿರುವಿದರೆ ಹಗುರ ಮರಳು ಅಂಚಿನಿಂದ ಹರಿದುಹೋಗುತ್ತದೆ. ತಳದಲ್ಲಿ ಕಪ್ಪು ಮರಳು ಉಳಿಯುತ್ತದೆ. ಅದರ ನಡುವೆ ಒಂದೆರಡು ಹಳದಿ ಕಣ. ಅಕ್ಕಿ ತೊಳೆದು ಕಲ್ಲು ತೆಗೆಯುವ ಹಾಗೇ ಅಲ್ವಾ? ಚಿನ್ನ ಮರಳಿಗಿಂತ ಸುಮಾರು ಏಳು ಪಟ್ಟು ಭಾರ. ನೀರಿನ ಸೆಳೆತ ಕಡಿಮೆಯಾದ ಕಡೆ ಮೊದಲು ತಳ ಹಿಡಿಯುವುದು ಅದೇ.

ಆದರೆ ನದಿಯೇ ಬತ್ತಿ 280 ಕೋಟಿ ವರ್ಷ ಆಗಿದ್ದರೆ?

1886ರಲ್ಲಿ ದಕ್ಷಿಣ ಆಫ್ರಿಕಾದ ವಿಟ್‌ವಾಟರ್ಸ್‌ರ್ಯಾಂಡ್‌ನಲ್ಲಿ ಅಂಥ ನದಿಯ ಚಿನ್ನ ಸಿಕ್ಕಿತು. ಜೋಹಾನ್ಸ್‌ಬರ್ಗ್ ಹುಟ್ಟಿದ್ದೇ ಅದರಿಂದ. ಜಗತ್ತು ಇದುವರೆಗೆ ಅಗೆದ ಚಿನ್ನದಲ್ಲಿ ಕಾಲು ಭಾಗಕ್ಕಿಂತ ಜಾಸ್ತಿ ಅಲ್ಲಿಯದು. ಅಲ್ಲಿನ ಬಂಡೆ ನೋಡಲು ಕಡಲೆ ಮಿಠಾಯಿಯಂತಿದೆ. ಬೆಣಚಿನ ಗುಂಡುಕಲ್ಲುಗಳು ಒತ್ತೊತ್ತಾಗಿ ಅಂಟಿಕೊಂಡಿವೆ. ಚಿನ್ನ ಇರುವುದು ಆ ಕಲ್ಲುಗಳ ಸಂದಿಯಲ್ಲಿ, ಬಹಳ ಸಲ ಕಣ್ಣಿಗೆ ಕಾಣದಷ್ಟು ಸಣ್ಣದಾಗಿ.

ಪಶ್ಚಿಮಕ್ಕೆ ಹೋದಂತೆ ಈ ಪದರ ಬೇರೆ ಬಂಡೆಗಳ ಕೆಳಗೆ ಮರೆಯಾಗುತ್ತದೆ. 1930ರ ದಶಕದ ಆರಂಭದಲ್ಲಿ ಜರ್ಮನಿಯ ಭೂವಿಜ್ಞಾನಿ ರುಡಾಲ್ಫ್ ಕ್ರಾಮನ್ ಅದನ್ನು ಪತ್ತೆಹಚ್ಚಲು ಒಂದು ದಾರಿ ಹುಡುಕಿದರು. ಚಿನ್ನ ಅಯಸ್ಕಾಂತಕ್ಕೆ ಸ್ಪಂದಿಸುವುದಿಲ್ಲ. ಆದರೆ ಚಿನ್ನದ ಪದರದ ಕೆಳಗೆ ಕಬ್ಬಿಣ ಜಾಸ್ತಿ ಇರುವ ಜೇಡಿ ಪದರಗಳಿವೆ. ಅವು ಸ್ಪಂದಿಸುತ್ತವೆ. ಕ್ರಾಮನ್ ಕಾಂತಮಾಪಕ ಹಿಡಿದು ಬಯಲಿನಲ್ಲಿ ಅಳೆಯುತ್ತಾ ನಡೆದರು. ಕಬ್ಬಿಣದ ಪದರ ಎಲ್ಲಿ ಹಾದುಹೋಗಿದೆ ಅಂತ ಗೊತ್ತಾದರೆ ಚಿನ್ನದ ಪದರವನ್ನೂ ಲೆಕ್ಕ ಹಾಕಬಹುದು. ಆಮೇಲೆ ಕೊರೆದು ನೋಡಿದರು. ಚಿನ್ನ ಇತ್ತು! ಇದನ್ನು ನೆನೆದಾಗಲೆಲ್ಲ ನನಗೆ ರೋಮಾಂಚನ.

ಈ ಚಿನ್ನ ನದಿ ತಂದದ್ದಲ್ಲ, ಆಮೇಲೆ ನೆಲದಾಳದ ಬಿಸಿನೀರು ತಂದಿಟ್ಟದ್ದು ಅನ್ನುವವರೂ ಇದ್ದಾರೆ. ನಮ್ಮ ಕೋಲಾರದ ಚಿನ್ನ ಹಾಗೆ ಬಂದದ್ದೇ. ಆದರೆ ಇಲ್ಲಿ ನಾನು ನದಿಯ ಕಡೆಗೇ. ಯಾಕೆಂದರೆ ಚಿನ್ನದ ಜೊತೆಗಿರುವ ಪೈರೈಟ್, ಅಂದರೆ ಕಬ್ಬಿಣ ಮತ್ತು ಗಂಧಕ ಸೇರಿದ ಖನಿಜದ ಕಣಗಳು ಉರುಳಿ ಉರುಳಿ ದುಂಡಗಾಗಿವೆ. ಇವತ್ತಿನ ನದಿಯಲ್ಲಿ ಪೈರೈಟ್ ಬೇಗ ತುಕ್ಕು ಹಿಡಿಯುತ್ತದೆ. ಅಂದಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲವೆಂದೇ ಹೇಳಬೇಕು. ಹಾಗಾಗಿ ಅವು ಹಾಗೇ ಉಳಿದವು.

ಅಂಥದ್ದೇ ದುಂಡು ಪೈರೈಟ್, ಅಂಥದ್ದೇ ಬೆಣಚಿನ ಗುಂಡುಕಲ್ಲು ನಮ್ಮ ಚಿಕ್ಕಮಗಳೂರಿನ ಬಾಬಾಬುಡನ್ ಸಾಲಿನ ತಳದ ಪದರದಲ್ಲೂ ಇವೆ. ಗಣಿ ತೋಡುವಷ್ಟು ಚಿನ್ನ ಅಲ್ಲಿ ಸಿಕ್ಕಿಲ್ಲ. ಆದರೆ ಅಲ್ಲೂ ಒಂದು ನದಿ ಹರಿದಿತ್ತು.