ಹುಲ್ಲುಗಾವಲಿನಲ್ಲಿ ಗೆಲ್ಲುವುದು ಬೇರೋ ಎತ್ತರವೋ?

ಎಲ್ಲರಿಗೂ ನಮಸ್ಕಾರ.

ಹುಲ್ಲುಗಾವಲಿನಲ್ಲಿ ಯಾವ ಗಿಡ ಎಲ್ಲಕ್ಕಿಂತ ಗಟ್ಟಿ ಅಂತ ಯಾರಾದರೂ ಕೇಳಿದರೆ ನಾನು ಮೊದಲು, ‘ಯಾವ ಮಣ್ಣಿನಲ್ಲಿ?’ ಅಂತ ತಿರುಗಿ ಕೇಳುತ್ತೇನೆ. ಒಂದು ಕಡೆ ಗೆಲ್ಲಿಸುವ ಗುಣವೇ ಇನ್ನೊಂದು ಕಡೆ ಸೋಲಿಸುತ್ತದೆ. ಇವತ್ತು ಮಾತಾಡುವುದು ಅದರ ಬಗ್ಗೆಯೇ.

ಇಂಗ್ಲೆಂಡಿನ ಹಾರ್ಪೆಂಡೆನ್ ಊರಿನಲ್ಲಿ ರಾಥಮ್‌ಸ್ಟೆಡ್ ಎಂಬ ಕೃಷಿ ಸಂಶೋಧನಾ ಕೇಂದ್ರವಿದೆ. 1856ರಲ್ಲಿ ಜಾನ್ ಬೆನೆಟ್ ಲಾಸ್ ಮತ್ತು ಜೋಸೆಫ್ ಹೆನ್ರಿ ಗಿಲ್ಬರ್ಟ್ ಅಲ್ಲಿನ ಹಳೆಯ ಹುಲ್ಲುಗಾವಲೊಂದನ್ನು ತುಂಡು ತುಂಡಾಗಿ ಭಾಗ ಮಾಡಿದರು. ಒಂದೊಂದಕ್ಕೆ ಒಂದೊಂದು ಗೊಬ್ಬರ, ಕೆಲವಕ್ಕೆ ಏನೂ ಇಲ್ಲ. ಯಾವುದರಿಂದ ಜಾಸ್ತಿ ಒಣಹುಲ್ಲು ಸಿಗುತ್ತದೆ ಅಂತ ನೋಡುವುದಷ್ಟೇ ಅವರ ಉದ್ದೇಶ. ಆದರೆ ಕೆಲವೇ ವರ್ಷಗಳಲ್ಲಿ ಒಂದು ತುಂಡಿನ ಹುಲ್ಲಿಗೂ ಪಕ್ಕದ ತುಂಡಿನ ಹುಲ್ಲಿಗೂ ಹೋಲಿಕೆಯೇ ಉಳಿಯಲಿಲ್ಲ. ಯಾರೂ ಹೊಸ ಬೀಜ ಬಿತ್ತಿರಲಿಲ್ಲ.

ಈ ಪ್ರಯೋಗ ಇನ್ನೂ ನಡೆಯುತ್ತಿದೆ. ಗೊಬ್ಬರ ಕಾಣದ ತುಂಡಿನಲ್ಲಿ ಸುಮಾರು 40 ಜಾತಿಯ ಗಿಡಗಳಿವೆ. ವರ್ಷ ವರ್ಷ ಅಮೋನಿಯಂ ಸಲ್ಫೇಟ್ ಎಂಬ ಸಾರಜನಕದ ಗೊಬ್ಬರ ಹಾಕಿ, ಸುಣ್ಣ ಹಾಕದೆ ಬಿಟ್ಟ ಕಡೆ ಎರಡೋ ಮೂರೋ! ಅಲ್ಲಿ ಮಣ್ಣು ಹುಳಿಯಾದದ್ದೂ ಒಂದು ಕಾರಣ, ನಿಜ. ಆದರೆ ಸುಣ್ಣ ಹಾಕಿ ಹುಳಿ ಇಳಿಸಿದ ಕಡೆಯೂ ಸಾರಜನಕ ಹೆಚ್ಚಿದಷ್ಟೂ ಜಾತಿಗಳು ಕಡಿಮೆಯಾದವು. ಗೊಬ್ಬರ ಹಾಕಿದರೆ ಎಲ್ಲ ಗಿಡಗಳೂ ಚೆನ್ನಾಗಿ ಬರಬೇಕಿತ್ತು, ಅಲ್ವಾ?

ಇದನ್ನು ಅರ್ಥ ಮಾಡಿಕೊಳ್ಳಲು ಅಮೆರಿಕದ ಮಿನೆಸೋಟಕ್ಕೆ ಹೋಗೋಣ. ಅಲ್ಲಿನ ಸೀಡರ್ ಕ್ರೀಕ್‌ನಲ್ಲಿ ಮರಳು ಮಣ್ಣು, ಸಾರಜನಕಕ್ಕೆ ಬಡತನ. ಪರಿಸರ ವಿಜ್ಞಾನಿಗಳಾದ ಡೇವಿಡ್ ಟಿಲ್ಮನ್ ಮತ್ತು ಡೇವಿಡ್ ವೆಡಿನ್ ಅಲ್ಲಿ ಮೊದಲು ಒಂದೊಂದು ಹುಲ್ಲನ್ನೂ ಬೇರೆ ಬೇರೆಯಾಗಿ ಬೆಳೆಸಿದರು. ಪ್ರತಿಯೊಂದೂ ಮಣ್ಣಿನಲ್ಲಿ ಎಷ್ಟು ನೈಟ್ರೇಟ್, ಅಂದರೆ ಬೇರು ಹೀರಬಲ್ಲ ರೂಪದ ಸಾರಜನಕ, ಉಳಿಸುತ್ತದೆ ಅಂತ ಅಳೆದರು. ಲಿಟಲ್ ಬ್ಲೂಸ್ಟೆಮ್ ಎಂಬ ಹುಲ್ಲು ತೀರಾ ಕಡಿಮೆ ಉಳಿಸಿತ್ತು. ಆಮೇಲೆ ಜೋಡಿಯಾಗಿ ಬೆಳೆಸಿದಾಗ, ಬಡ ಮಣ್ಣಿನಲ್ಲಿ ಇದೇ ಹುಲ್ಲು ಪಕ್ಕದವುಗಳನ್ನು ಹಿಂದೆ ಹಾಕಿತು. ನಮ್ಮ ಗರಿಕೆಯ ಹಾಗೆ ನೆಲದಡಿ ಕಾಂಡ ಹರಡುವ ಕ್ವಾಕ್‌ಗ್ರಾಸ್ ಕೂಡ ಅದರ ಮುಂದೆ ಸೋತಿತು.

ಗುಟ್ಟು ಇರುವುದು ಬೇರಿನಲ್ಲಿ. ಬ್ಲೂಸ್ಟೆಮ್ ತನ್ನ ಮೈಯ ದೊಡ್ಡ ಪಾಲನ್ನು ಬೇರಿಗೇ ಕೊಡುತ್ತದೆ. ಅದರ ಎಲೆಗೆ ಬೇಕಾದ ಸಾರಜನಕವೂ ಕಡಿಮೆ. ಒಂದೇ ಎಳನೀರಿಗೆ ಇಬ್ಬರು ಸ್ಟ್ರಾ ಹಾಕಿದರೆ, ತಳದ ಕೊನೆಯ ಗುಟುಕಿನಲ್ಲೂ ಬದುಕಬಲ್ಲವನೇ ಉಳಿಯುತ್ತಾನೆ. ಆದರೆ ಅದೇ ಸೀಡರ್ ಕ್ರೀಕ್‌ನಲ್ಲಿ ಸಾರಜನಕ ಸುರಿದ ಕಡೆ ಆಟ ಬದಲಾಯಿತು. ಅಲ್ಲಿ ಕ್ವಾಕ್‌ಗ್ರಾಸ್ ಮೆರೆಯಿತು, ಬ್ಲೂಸ್ಟೆಮ್ ಹಿಂದೆ ಸರಿಯಿತು.

ಯಾಕೆಂದರೆ ಮಣ್ಣಿನಲ್ಲಿ ಎಲ್ಲವೂ ಧಾರಾಳವಾದ ಮೇಲೆ ಕೊರತೆಯಾಗುವುದು ಬೆಳಕು. ಬೆಳಕಿನ ಪೈಪೋಟಿಯಲ್ಲಿ ನ್ಯಾಯವೇ ಇಲ್ಲ. ನೆಲದಡಿಯಲ್ಲಿ ಸಣ್ಣ ಗಿಡವೂ ತನ್ನ ಬೇರಿಗೆ ತಕ್ಕಷ್ಟು ಪಾಲು ಕೀಳುತ್ತದೆ. ಬೆಳಕು ಬರುವುದು ಮೇಲಿನಿಂದ. ಒಂದು ಗೇಣು ಎತ್ತರ ಬೆಳೆದದ್ದು ಕೆಳಗಿನದಕ್ಕೆ ನೆರಳು ಹಾಕುತ್ತದೆ. ಕೆಳಗಿನದು ತಿರುಗಿ ಏನೂ ಮಾಡಲಾರದು. ಬೇರಿಗೆ ಜಾಸ್ತಿ ಖರ್ಚು ಮಾಡುವ, ನಿಧಾನಕ್ಕೆ ಬೆಳೆಯುವ ಗಿಡ ಇಲ್ಲಿ ಸೋಲುತ್ತದೆ. ತೆಳು ಎಲೆ ಬಿಟ್ಟು ಸರಸರ ಮೇಲೇರುವುದು ಗೆಲ್ಲುತ್ತದೆ.

ಇದು ಸುಮ್ನೆ ಊಹೆಯಲ್ಲ. 2009ರಲ್ಲಿ ಪ್ರಕಟವಾದ ಸ್ವಿಸ್ ಪ್ರಯೋಗವೊಂದರಲ್ಲಿ ಗೊಬ್ಬರ ಹಾಕಿದ ಹುಲ್ಲಿನ ಬುಡದಲ್ಲಿ ಟ್ಯೂಬ್‌ಲೈಟ್ ಇಟ್ಟರು. ಕೆಳಗಿನ ಗಿಡಗಳಿಗೆ ಬೆಳಕು ಸಿಕ್ಕಿತು, ಜಾತಿಗಳು ಕಣ್ಮರೆಯಾಗುವುದು ನಿಂತಿತು. ನನಗೆ ಬಹಳ ಇಷ್ಟವಾದ ಪ್ರಯೋಗ ಇದು.

ಹೊರಗೆ ಬಯಲಿನಲ್ಲಿ ಟ್ಯೂಬ್‌ಲೈಟ್ ಕೆಲಸವನ್ನು ದನ, ಕುರಿ, ಜಿಂಕೆಗಳು ಮಾಡುತ್ತವೆ. ಆರು ಖಂಡಗಳ 40 ಹುಲ್ಲುಗಾವಲುಗಳಲ್ಲಿ ನಡೆದ ಅಧ್ಯಯನ 2014ರಲ್ಲಿ ಬಂತು. ಮೇಯುವುದರಿಂದ ನೆಲಕ್ಕೆ ಬೆಳಕು ಹೆಚ್ಚಿದ ಕಡೆ ಜಾತಿಗಳು ಉಳಿದುಕೊಂಡವು. ನಮ್ಮ ಬಯಲುಸೀಮೆಯ ಕಾವಲುಗಳ ಹುಲ್ಲುಗಳೂ ಹೆಚ್ಚಾಗಿ ಬಿಸಿಲನ್ನೇ ನಂಬಿದವು. ‘ಬಂಜರು’ ಅಂತ ಅಲ್ಲಿ ದಟ್ಟವಾಗಿ ಸಸಿ ನೆಡುವುದನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ಹಾಗಾದರೆ ಬೇರು, ಎತ್ತರ, ಎಲೆಯಂಥ ಗುಣಗಳನ್ನು ಅಳೆದರೆ ಎಲ್ಲವನ್ನೂ ಮೊದಲೇ ಹೇಳಬಹುದೇ? ಅರ್ಧ ಹೇಳಬಹುದು. ಕ್ಯಾಲಿಫೋರ್ನಿಯಾದಲ್ಲಿ ಒಂದೇ ವರ್ಷ ಬಾಳುವ 18 ಜಾತಿಯ ಗಿಡಗಳನ್ನು ಪೈಪೋಟಿಗೆ ಬಿಟ್ಟು ನೋಡಿದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಯಾರು ಬಲಶಾಲಿ ಎಂಬುದಕ್ಕೆ ಒಂದೊಂದು ಗುಣವೇ ಸುಳಿವು ಕೊಟ್ಟಿತು. ಆದರೆ ಎರಡು ಜಾತಿಗಳು ಒಂದನ್ನೊಂದು ಅಳಿಸದೆ ಅಕ್ಕಪಕ್ಕ ಬಾಳುತ್ತವೆಯೇ ಎಂಬುದು ಯಾವ ಒಂದು ಗುಣದಿಂದಲೂ ತಿಳಿಯಲಿಲ್ಲ. ಹಲವು ಗುಣಗಳನ್ನು ಒಟ್ಟಿಗೆ ನೋಡಿದಾಗ ಮಾತ್ರ ಸುಳಿವು ಸಿಕ್ಕಿತು.

ಇನ್ನು ನಿಮ್ಮ ಪ್ರಶ್ನೆಗಳಿದ್ದರೆ ಕೇಳಿ.