ಉಸ್ತಾದರ ಪಾಠ: ನೋಡುವುದು, ತಿದ್ದುವುದು

ಕೇಳುಗರಿಗೆ ನಮಸ್ಕಾರ. ಮಂಗಳೂರು, ಉಡುಪಿ ಕಡೆಯ ಹಲವು ಇಸ್ಲಾಮಿಕ್ ಕಾಲೇಜುಗಳಲ್ಲಿ ಈಗ ದರ್ಸ್, ಅಂದರೆ ಅರಬಿ ಕಿತಾಬುಗಳ ಧಾರ್ಮಿಕ ಪಾಠದ ಜೊತೆಗೆ ಪಿಯುಸಿ, ಪದವಿಯೂ ಉಂಟು. ದರ್ಸ್ ಕಲಿಸುವ ಗುರುಗಳಾದ ಉಸ್ತಾದರ ಕೆಲಸ ಹೇಗಿದೆ ಎಂದು ಕೇಳಿದರೆ ಆಡಳಿತ ಸಮಿತಿ ತೆಗೆದಿಡುವುದು ಹಾಜರಿ ಪುಸ್ತಕ ಮತ್ತು ಪರೀಕ್ಷೆಯ ಅಂಕ. ಪಾಠ ಹೇಗೆ ನಡೆಯಿತೆಂದು ಇವೆರಡೂ ಹೇಳುವುದಿಲ್ಲ.

ಮೊದಲು ಸಮಯದ ಲೆಕ್ಕ ಹಾಕಿ. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿಯ 2018ರ ನಿಯಮ ಸಹಾಯಕ ಪ್ರಾಧ್ಯಾಪಕರಿಗೆ ಹೇಳುವುದು ವಾರಕ್ಕೆ 16 ಗಂಟೆ ಬೋಧನೆ. ದರ್ಸ್‌ಗೆ ಅದು ಕಡ್ಡಾಯವಲ್ಲ, ಆದರೆ ಹೋಲಿಸಿ ನೋಡಲು ಸಾಕು. ಉಸ್ತಾದರೇ ಮಸೀದಿಯ ಇಮಾಮರೂ ಆಗಿದ್ದರೆ ಐದು ಹೊತ್ತಿನ ನಮಾಝ್, ಶುಕ್ರವಾರದ ಖುತುಬಾ ಪ್ರವಚನ ಎಲ್ಲ ಅವರ ಮೇಲೆಯೇ. ಪಾಠಕ್ಕೆ ಮೊದಲು ಓದಿ ಸಿದ್ಧವಾಗುವ ಮುತಾಲಆ ಮಾಡಲು ಹೊತ್ತಿಲ್ಲದವರಿಗೆ ತರಬೇತಿ ಶಿಬಿರ ಇಟ್ಟು ಏನು ಫಲ?

ಆಮೇಲೆ ತರಗತಿಯಲ್ಲಿ ಕುಳಿತು ನೋಡಬೇಕು. ನೋಡುವವರು ಅದೇ ಕಿತಾಬ್ ಕಲಿಸಿದ ಹಿರಿಯ ಉಸ್ತಾದರಾಗಿರಲಿ, ಸಮಿತಿಯ ಪದಾಧಿಕಾರಿ ಬೇಡ. ದಿನ ಮೊದಲೇ ತಿಳಿಸಿ. ಹಿಂದಿನ ದಿನ ಹತ್ತು ನಿಮಿಷ ಮಾತಾಡಿ, ಯಾವ ಭಾಗ, ಮಕ್ಕಳಿಗೆ ಎಲ್ಲಿ ಕಷ್ಟ ಎಂದು ಕೇಳಿಕೊಳ್ಳಿ. ಪಾಠದಲ್ಲಿ ಗಮನಿಸಬೇಕಾದದ್ದು ಇಬಾರತ್, ಅಂದರೆ ಕಿತಾಬಿನ ಮೂಲ ಅರಬಿ ವಾಕ್ಯ, ಓದುವವರು ಯಾರು ಎಂಬುದನ್ನು. ಉಸ್ತಾದರೇ ಓದಿ, ಉಸ್ತಾದರೇ ಅರ್ಥ ಹೇಳಿದರೆ ಮುತಅಲ್ಲಿಮರು, ಅಂದರೆ ದರ್ಸ್ ವಿದ್ಯಾರ್ಥಿಗಳು, ತಲೆ ಆಡಿಸುತ್ತಾರೆ, ಅಷ್ಟೆ. ಹುಡುಗನಿಂದಲೇ ಓದಿಸಿದರೆ ಪದದ ಕೊನೆಯ ಸ್ವರ ತಪ್ಪಿದ ಕೂಡಲೇ ಅವನ ವ್ಯಾಕರಣ ಎಲ್ಲಿ ಸಡಿಲ ಎಂದು ಗೊತ್ತಾಗುತ್ತದೆ. ಇನ್ನೊಂದು, ಭಾಷೆ. ಕಿತಾಬ್ ಅರಬಿ, ವಿವರಣೆ ಮಲಯಾಳಂ ಅಥವಾ ಬ್ಯಾರಿ, ಪದವಿಯ ಉತ್ತರ ಕನ್ನಡ ಇಲ್ಲವೇ ಇಂಗ್ಲಿಷ್. ನಡುವೆ ಹುಡುಗರು ಎಲ್ಲಿ ತಪ್ಪಿಹೋಗುತ್ತಾರೆ ಎಂದು ಬರೆದಿಡಿ.

ಎರಡು ದಿನದೊಳಗೆ ಇಬ್ಬರೇ ಕುಳಿತು ಮಾತಾಡಿ. ತಿದ್ದಲು ಒಂದೇ ಅಂಶ ಕೊಡಿ, ಮುಂದಿನ ಸಲ ಅದನ್ನೇ ನೋಡಿ. ಈ ಟಿಪ್ಪಣಿಯನ್ನು ಸಂಬಳದ ಕಡತಕ್ಕೆ ಸೇರಿಸಿದರೆ ಮುಂದಿನ ಸಲ ನಿಮಗೆ ಕಾಣುವುದು ಬಾಯಿಪಾಠ ಮಾಡಿಸಿಟ್ಟ ತರಗತಿ.

ವಿದ್ಯಾರ್ಥಿಗಳ ಅಭಿಪ್ರಾಯವೂ ಬೇಕು. ಹತ್ತೇ ಹುಡುಗರಿರುವ ತರಗತಿಯಲ್ಲಿ ಕೈಬರಹ ನೋಡಿದರೆ ಯಾರದೆಂದು ತಿಳಿಯುತ್ತದೆ. ಹಾಗಾಗಿ ಹೆಸರಿಲ್ಲದ ಟಿಕ್ ಗುರುತು ಸಾಕು. ವರ್ಷದ ನಡುವೆಯೇ ಕೇಳಿ, ಕೊನೆಯಲ್ಲಿ ಕೇಳಿದರೆ ಆ ಹುಡುಗರಿಗೆ ಪ್ರಯೋಜನವಿಲ್ಲ.

ದರ್ಸ್ ವರ್ಷ ರಂಝಾನ್ ಮುಗಿದ ಮೇಲೆ ಬರುವ ಶವ್ವಾಲ್ ತಿಂಗಳಲ್ಲಿ ಶುರು. ಚಂದ್ರಮಾನದ ಹಿಜರಿ ವರ್ಷ ಇಂಗ್ಲಿಷ್ ವರ್ಷಕ್ಕಿಂತ ಸುಮಾರು 11 ದಿನ ಚಿಕ್ಕದಾದ್ದರಿಂದ ವಿಶ್ವವಿದ್ಯಾಲಯದ ವೇಳಾಪಟ್ಟಿಗೆ ಹೋಲಿಸಿದರೆ ಅದು ಪ್ರತಿವರ್ಷ ಹಿಂದಕ್ಕೆ ಸರಿಯುತ್ತದೆ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆದು ತರಗತಿ ನೋಡುವ ದಿನ ಗೊತ್ತುಮಾಡಿ. ಪ್ರವಾದಿಯವರು ಹುಟ್ಟಿದ ತಿಂಗಳಾದ ರಬೀಉಲ್ ಅವ್ವಲ್ ಮಾತ್ರ ಬಿಟ್ಟುಬಿಡಿ. ರಾತ್ರಿ ಪ್ರವಾದಿಯವರನ್ನು ಸ್ತುತಿಸುವ ಮೌಲಿದ್ ಮುಗಿಸಿ ಬಂದವರ ಬೆಳಗಿನ ಪಾಠ ನೋಡಿ ತೀರ್ಪು ಕೊಡುವುದು ನ್ಯಾಯವಲ್ಲ.