ಮನಸ್ಸು ಬರುವ ತನಕ ಕಾಯಬೇಡಿ

ಕೇಳುಗರೆಲ್ಲರಿಗೂ ನಮಸ್ಕಾರ.

ನೀವು ಈಗ ಹೇಗಿದ್ದೀರಿ ಅಂತ ನಾನು ಊಹಿಸಬಲ್ಲೆ. ಕುರ್ಚಿಯಲ್ಲಿ ಕೂತಿದ್ದೀರಿ. ಪಕ್ಕದ ಕುರ್ಚಿಯ ಮೇಲೆ ಒಣಗಿದ ಬಟ್ಟೆಯ ರಾಶಿ ಇದೆ. ಒಳಗೆ ಸಿಂಕಿನ ತುಂಬ ಪಾತ್ರೆ ಇದೆ. ಎದ್ದು ಮಾಡಬೇಕು ಅಂತ ಗೊತ್ತು. ಮನಸ್ಸು ಮಾತ್ರ ಬರುತ್ತಿಲ್ಲ. ಅಲ್ವಾ?

ನಾನು ಆಪ್ತ ಸಮಾಲೋಚಕಿ. ಜನರ ಮಾತು ಕೇಳಿಸಿಕೊಳ್ಳುವುದೇ ನನ್ನ ಕೆಲಸ. ಮನೆಗೆಲಸ ಕಂಡರೆ ಆಗುವುದಿಲ್ಲ ಅನ್ನುವುದನ್ನು ಜನ ಏನೋ ತಪ್ಪು ಒಪ್ಪಿಕೊಳ್ಳುವ ಹಾಗೆ ದನಿ ತಗ್ಗಿಸಿ ಹೇಳುತ್ತಾರೆ. ಯಾಕೆ ತಗ್ಗಿಸಬೇಕು? ಬೇಜಾರಿನ ಕೆಲಸವೇ ಅದು. ಇವತ್ತು ಗುಡಿಸಿದ ನೆಲ ನಾಳೆ ಮತ್ತೆ ಕಸ. ಅದನ್ನು ಪ್ರೀತಿಸಿ ಅಂತ ಹೇಳಲು ನಾನು ಬಂದಿಲ್ಲ. ನಾನು ಹೇಳುವುದು ಒಂದೇ ಮಾತು. ಮನಸ್ಸು ಬರುವ ತನಕ ಕಾಯಬೇಡಿ. ಮೊದಲು ಕೈ ಹೋಗಲಿ, ಮನಸ್ಸು ಹಿಂದೆ ಬರುತ್ತದೆ.

ಒಬ್ಬರ ವಿಷಯ ಹೇಳಲೇಬೇಕು. ಹೆಸರು ಬೇಡ. ಒಬ್ಬರೇ ಇರುವವರು. ಕಚೇರಿಯಲ್ಲಿ ದೊಡ್ಡ ಜವಾಬ್ದಾರಿ, ಮೇಜಿನ ಮೇಲೆ ಒಂದು ಕಾಗದ ಆಚೀಚೆ ಇರುವುದಿಲ್ಲ. ಮನೆಯಲ್ಲಿ ಮಾತ್ರ ಪಾತ್ರೆ ಸಿಂಕು ತುಂಬಿ ಒಲೆಯ ಪಕ್ಕಕ್ಕೂ ಬಂದಿತ್ತು. ಆರು ದಿನದ್ದು. ಒಂದು ರಾತ್ರಿ ಕುಡಿಯಲು ಲೋಟ ಸಿಗದೆ, ಹಲ್ಲುಜ್ಜುವ ಬ್ರಷ್ ಇಡುವ ಲೋಟವನ್ನೇ ತೊಳೆದು ನೀರು ಕುಡಿದರಂತೆ. ಅದನ್ನು ಹೇಳುವಾಗ ಅವರ ಕಣ್ಣು ತುಂಬಿತ್ತು. "ನಾನು ಶುದ್ಧ ಸೋಮಾರಿ ಮೇಡಂ" ಅಂದರು.

ಈ ಸೋಮಾರಿ ಅನ್ನುವ ಪದ ನನಗೆ ಸ್ವಲ್ಪವೂ ಸೇರುವುದಿಲ್ಲ. ದಿನವಿಡೀ ದುಡಿದು ಬರುವವರು ಸೋಮಾರಿ ಹೇಗಾಗುತ್ತಾರೆ? ಕೆಲಸ ಮುಂದಕ್ಕೆ ಹಾಕುವ ಅಭ್ಯಾಸದ ಬಗ್ಗೆ ಫ್ಯೂಷಿಯಾ ಸಿರೋಯ್ ಮತ್ತು ತಿಮೊಥಿ ಪಿಚಿಲ್ ಅನ್ನುವ ಸಂಶೋಧಕರು 2013ರಲ್ಲೇ ಬರೆದಿದ್ದಾರೆ. ನಾವು ತಪ್ಪಿಸಿಕೊಳ್ಳುವುದು ಕೆಲಸದಿಂದ ಅಲ್ಲ, ಅದನ್ನು ನೆನೆದಾಗ ಆಗುವ ಕಿರಿಕಿರಿಯಿಂದ. ಆಮೇಲೆ ಮಾಡೋಣ ಅಂದ ತಕ್ಷಣ ಹಾಯೆನಿಸುತ್ತದೆ. ರಾಶಿ ಮಾತ್ರ ಬೆಳೆಯುತ್ತದೆ, ಅದರ ಜೊತೆ ಕಿರಿಕಿರಿಯೂ.

"ಎಲ್ಲ ತೊಳೆಯಲು ಎಷ್ಟು ಹೊತ್ತು ಬೇಕು?" ಅಂತ ಕೇಳಿದೆ. "ಎರಡು ಗಂಟೆಯಾದರೂ ಬೇಕು" ಅಂದರು. "ಹಾಗಾದರೆ ಇವತ್ತು ಪಾತ್ರೆ ಮುಟ್ಟಬೇಡಿ. ಚಮಚ ಮಾತ್ರ ತೊಳೆಯಿರಿ. ಗಡಿಯಾರ ನೋಡಿ ಬರೆದಿಡಿ" ಅಂದೆ. ಇದೂ ಒಂದು ಸಲಹೆಯಾ ಅನ್ನುವ ಹಾಗೆ ನನ್ನನ್ನು ನೋಡಿ ಎದ್ದು ಹೋದರು.

ಮುಂದಿನ ವಾರ ಬಂದವರೇ ಜೇಬಿನಿಂದ ಚೀಟಿ ತೆಗೆದರು. ನೀರು ಬಿದ್ದು ಶಾಯಿ ಅಲ್ಲಲ್ಲಿ ಹರಡಿತ್ತು. ಚಮಚ, 4 ನಿಮಿಷ. ಅದರ ಕೆಳಗೆ ಲೋಟ, 6 ನಿಮಿಷ. ತಟ್ಟೆ, 9 ನಿಮಿಷ. ತಳ ಹಿಡಿದ ಪಾತ್ರೆಗಳಿಗೆ ಬಿಸಿನೀರು, ಸೋಪು ಹಾಕಿ ನೆನೆಯಲು ಬಿಟ್ಟು ಮಲಗಿದ್ದರು. ಬೆಳಿಗ್ಗೆ ತಿಕ್ಕಿದರೆ ಕರಕಲು ಸುಲಭವಾಗಿ ಎದ್ದು ಬಂತು. 12 ನಿಮಿಷ. ಒಟ್ಟು 31 ನಿಮಿಷ. ಆರು ದಿನ ಅವರು ಹೆದರಿದ್ದು ಅರ್ಧ ಗಂಟೆಯ ಕೆಲಸಕ್ಕೆ!

"ಚಮಚ ಆದ ಮೇಲೆ ನಿಲ್ಲಿಸಿ ಅಂದಿದ್ದೆನಲ್ಲ" ಅಂದೆ. "ಕೈ ಹೇಗೂ ಒದ್ದೆಯಾಗಿತ್ತಲ್ಲ ಮೇಡಂ, ಲೋಟ ಎತ್ತಿಕೊಂಡೆ" ಅಂದರು.

ಎಷ್ಟು ಒಳ್ಳೆಯ ಮಾತು ನೋಡಿ! ಅವತ್ತಿನಿಂದ ಎಲ್ಲರಿಗೂ ಇದನ್ನೇ ಹೇಳುತ್ತೇನೆ. ಕೈ ಒದ್ದೆಯಾಗಬೇಕು, ಅಷ್ಟೇ. ಮನಸ್ಸನ್ನು ಕೇಳುತ್ತಾ ಕೂರಬೇಡಿ.

ಈ ಕತೆಯಲ್ಲೇ ಹೊತ್ತು ಜಾಸ್ತಿ ಹೋಯಿತು. ಉಳಿದದ್ದನ್ನು ಬೇಗ ಹೇಳುತ್ತೇನೆ. "ಆಮೇಲೆ ಮಾಡುತ್ತೇನೆ" ಅನ್ನಬೇಡಿ. "ಊಟದ ತಟ್ಟೆ ಎತ್ತಿದ ಕೂಡಲೇ ನಲ್ಲಿ ತಿರುಗಿಸುತ್ತೇನೆ" ಅನ್ನಿ. ಯಾವಾಗ, ಎಲ್ಲಿ ಅಂತ ಮೊದಲೇ ಗೊತ್ತು ಮಾಡಿಕೊಂಡರೆ ಕೆಲಸ ಶುರುವಾಗುವುದು ಸುಲಭ. ಪೀಟರ್ ಗೋಲ್‌ವಿಟ್ಜರ್ ಅನ್ನುವ ಮನಶ್ಶಾಸ್ತ್ರಜ್ಞರು 1999ರಲ್ಲಿ ಇದನ್ನು ವಿವರವಾಗಿ ಬರೆದರು. ಬಟ್ಟೆಯ ರಾಶಿ ಕಂಡರೆ ಸುಸ್ತಾಗುತ್ತದಾ? ಟವೆಲ್‌ಗಳನ್ನು ಮಾತ್ರ ಮಡಚಿ. ಅಲ್ಲೂ ಅದೇ, ಮೊದಲು ಕೈ.

ಇನ್ನೊಂದು ಮಾತನ್ನು ಸ್ವಲ್ಪ ಖಾರವಾಗಿಯೇ ಹೇಳಬೇಕು. ನಾಲ್ಕು ಜನ ಇರುವ ಮನೆಯಲ್ಲಿ ಒಬ್ಬರೇ ಎಲ್ಲ ಮಾಡುತ್ತಿದ್ದರೆ, ಅವರ ಬೇಜಾರಿಗೆ ನನ್ನ ಹತ್ತಿರ ಉಪಾಯವಿಲ್ಲ. ಉಳಿದ ಮೂವರು ಏಳಬೇಕು. "ಏನಾದರೂ ಸಹಾಯ ಬೇಕಾ" ಅಂತ ಸುಮ್ನೆ ಕೇಳುತ್ತಾ ನಿಲ್ಲಬೇಡಿ. ಒಂದು ಕೆಲಸವನ್ನು ಪೂರ್ತಿ ನಿಮ್ಮದು ಮಾಡಿಕೊಳ್ಳಿ. ಕಸದ ಬುಟ್ಟಿ ನಿಮ್ಮದು ಅಂದರೆ, ಅದು ತುಂಬಿದ್ದನ್ನು ಗಮನಿಸುವುದೂ ನಿಮ್ಮದೇ.

ಕೊನೆಗೆ ಒಂದು ಉಪಾಯ. ಕೇಟಿ ಮಿಲ್ಕ್‌ಮನ್ ಅನ್ನುವ ಸಂಶೋಧಕಿ ಮತ್ತು ಅವರ ಜೊತೆಗಾರರು 2014ರಲ್ಲಿ ಪ್ರಕಟಿಸಿದ ಪ್ರಯೋಗ ಇದು. ಕೆಲವರಿಗೆ ಕುತೂಹಲದ ಕತೆಗಳ ಧ್ವನಿಮುದ್ರಣ ಕೊಟ್ಟರು, ಅದೂ ಜಿಮ್‌ನಲ್ಲಿ ಮಾತ್ರ ಕೇಳಲು ಸಿಗುವ ಹಾಗೆ. ಮೊದಮೊದಲು ಅವರು ಬೇರೆಯವರಿಗಿಂತ ಜಾಸ್ತಿ ಸಲ ಜಿಮ್‌ಗೆ ಹೋದರು. ಮುಂದೇನಾಯಿತು ಅನ್ನುವ ಆಸೆ ಕಾಲನ್ನು ಎಳೆದುಕೊಂಡು ಹೋಯಿತು. ನಿಮ್ಮ ಹತ್ತಿರ ರೇಡಿಯೋ ಇದೆಯಲ್ಲ. ನನ್ನ ಮಾತಾದ ಮೇಲೆ ಆರಿಸಬೇಡಿ. ದನಿ ಸ್ವಲ್ಪ ಜೋರು ಮಾಡಿ, ಸಿಂಕಿನ ಹತ್ತಿರ ಹೋಗಿ. ಮುಂದಿನ ಹಾಡು ಮುಗಿಯುವ ತನಕ ಚಮಚ ಮಾತ್ರ ತೊಳೆಯಿರಿ.

ನಮಸ್ಕಾರ.